128 ಜಿಬಿ ರ್‍ಯಾಮ್ ಹಾಕಿದ ಮ್ಯೂಸಿಕ್ ಕಂಪ್ಯೂಟರ್: ಬೆಳಿಗ್ಗೆ ಆನ್ ಮಾಡುವಾಗ ಕ್ರ್ಯಾಶ್, ಕ್ಯೂಬೇಸ್ ತೆರೆಯುವಾಗಲೂ ಕ್ರ್ಯಾಶ್

ಮಂದ್ರಸ್ಥಾಯಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಕಿರುಚಿತ್ರಗಳಿಗೂ ರಂಗನಾಟಕಗಳಿಗೂ ಹಿನ್ನೆಲೆ ಸಂಗೀತ ಮಾಡುತ್ತೇನೆ. ಅದಕ್ಕೆಂದೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರ್ ಇತ್ತೀಚೆಗೆ ಆನ್ ಆಗುವಾಗಲೇ ಕೈಕೊಡುತ್ತಿದೆ. ಪ್ರೊಸೆಸರ್ ಎಎಂಡಿ ಕಂಪನಿಯ ರೈಜೆನ್ 9 7950ಎಕ್ಸ್. ಮದರ್‌ಬೋರ್ಡ್ ಎಎಂ5 ಸಾಕೆಟ್‌ನದು. 32 ಜಿಬಿಯ ನಾಲ್ಕು ಡಿಡಿಆರ್5 ಸ್ಟಿಕ್‌ಗಳು ಸೇರಿ ಒಟ್ಟು 128 ಜಿಬಿ ರ್‍ಯಾಮ್. ವಿಂಡೋಸ್ 11ಕ್ಕೆ ಒಂದು, ಸ್ಯಾಂಪಲ್ ಲೈಬ್ರರಿಗಳಿಗೆ (ವಾದ್ಯಗಳ ಧ್ವನಿಮುದ್ರಿತ ಸ್ವರಗಳ ಸಂಗ್ರಹಗಳಿಗೆ) ಇನ್ನೊಂದು ವೇಗದ ಎನ್‌ವಿಎಂಇ ಡ್ರೈವ್. ಇವುಗಳ ಜೊತೆಗೆ ಯುಎಸ್‌ಬಿ ಸೌಂಡ್ ಕಾರ್ಡ್, ಮಿಡಿ ಕೀಬೋರ್ಡ್ ಮತ್ತು ಸಂಗೀತ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪ್ಲಗಿನ್‌ಗಳ ಲೈಸೆನ್ಸ್ ಇರುವ ಡಾಂಗಲ್. ಮೊದಲು ಎರಡು ಸ್ಟಿಕ್‌ಗಳಷ್ಟೇ ಇದ್ದವು. ಆರ್ಕೆಸ್ಟ್ರಾ ಲೈಬ್ರರಿಗಳು ಹೆಚ್ಚುತ್ತಾ ಹೋಗಿ 64 ಜಿಬಿ ಸಾಲದಾದಾಗ ಅದೇ ಕಂಪನಿಯ, ಅದೇ ಮಾದರಿ ಸಂಖ್ಯೆಯ ಇನ್ನೊಂದು ಜೋಡಿಯನ್ನು ಹಾಕಿಸಿದೆ. ಯಂತ್ರ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶವಾದ ಬಯೋಸ್‌ನಲ್ಲಿ ಎಕ್ಸ್‌ಪೋ ಪ್ರೊಫೈಲ್ (ರ್‍ಯಾಮ್ ವೇಗ ಹೆಚ್ಚಿಸುವ ಸಿದ್ಧ ಹೊಂದಾಣಿಕೆ) ಮೊದಲಿನಂತೆ 6000ದ ವೇಗದಲ್ಲೇ ಇದೆ.

ತೊಂದರೆ ಹೀಗಿದೆ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಮದರ್‌ಬೋರ್ಡ್ ಮೇಲಿನ ಡಿರ್‍ಯಾಮ್ ಎಂಬ ಸಣ್ಣ ದೀಪ ಬಹಳ ಹೊತ್ತು ಉರಿಯುತ್ತದೆ. ಕೆಲವೊಮ್ಮೆ ಅಲ್ಲಿಯೇ ನಿಂತುಬಿಡುತ್ತದೆ. ಕೆಲವೊಮ್ಮೆ ವಿಂಡೋಸ್ ಚಿಹ್ನೆಯವರೆಗೆ ಬಂದು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಒಮ್ಮೆ ಪೂರ್ತಿ ಆನ್ ಆದ ಮೇಲೆ ಮೆನುವಿನಿಂದ ರೀಸ್ಟಾರ್ಟ್ ಮಾಡಿದರೆ ಯಾವ ತಕರಾರೂ ಇಲ್ಲದೆ ಬರುತ್ತದೆ. ಆದರೆ ದೊಡ್ಡ ಟೆಂಪ್ಲೇಟ್ ಇರುವ ಪ್ರಾಜೆಕ್ಟ್ ತೆರೆಯುವಾಗ ಸಂಗೀತ ಸಂಯೋಜನೆಯ ತಂತ್ರಾಂಶವಾದ ಕ್ಯೂಬೇಸ್ ಯಾವ ಸಂದೇಶವನ್ನೂ ತೋರಿಸದೆ ಮಾಯವಾಗುತ್ತದೆ. ವಿಂಡೋಸ್‌ನ ದಾಖಲೆಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಕೆಂಪು ದಾಖಲೆಗಳು ಮಾತ್ರ ಕಾಣುತ್ತವೆ. ಕ್ರ್ಯಾಶ್‌ನ ವಿವರ ಉಳಿಯುವ ಮಿನಿಡಂಪ್ ಫೋಲ್ಡರ್ ಖಾಲಿಯಿದೆ. ಸ್ಥಳೀಯ ರಿಪೇರಿ ಅಂಗಡಿಯವರು ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಭಾಗ) ದೋಷವೆಂದು ಹೇಳಿದ್ದರಿಂದ ಅದನ್ನು 850 ವ್ಯಾಟ್‌ನ ಹೊಸದಕ್ಕೆ ಬದಲಾಯಿಸಿದ್ದಾಯಿತು, ವ್ಯತ್ಯಾಸವೇನೂ ಆಗಲಿಲ್ಲ. ತಿಂಗಳ ಕೊನೆಗೆ ಒಂದು ನಾಟಕದ ಸಂಗೀತವನ್ನು ಒಪ್ಪಿಸಬೇಕಿದೆ. ಎಲ್ಲಿಂದ ಪರೀಕ್ಷೆ ಆರಂಭಿಸುವುದು ಸರಿ ಎಂದು ತಿಳಿದವರು ದಯವಿಟ್ಟು ಹೇಳಿ.

ಕೋಮಲ ರಿಷಭ (ಬೆಂಗಳೂರು)

ಕ್ಯೂಬೇಸ್ ಮಾಯವಾಗುವುದು ಬಹುಮಟ್ಟಿಗೆ ಯಾವುದೋ ಪ್ಲಗಿನ್‌ನ ಕೆಲಸವಾಗಿರುತ್ತದೆ. ಕ್ಯೂಬೇಸ್ ತೆರೆಯುವಾಗ ಮೊದಲ ಚಿತ್ರ ಕಾಣಿಸಿಕೊಂಡ ಕೂಡಲೇ ಕಂಟ್ರೋಲ್, ಶಿಫ್ಟ್, ಆಲ್ಟ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಸೇಫ್ ಮೋಡ್‌ನ ಕಿಟಕಿ ಬರುತ್ತದೆ. ಅಲ್ಲಿ ಹೊರಗಿನ ಪ್ಲಗಿನ್‌ಗಳನ್ನೆಲ್ಲ ಬಿಟ್ಟು ತೆರೆಯುವ ಆಯ್ಕೆಯಿದೆ, ನಿಮ್ಮ ಪ್ರಿಫರೆನ್ಸ್‌ಗಳನ್ನು ತಾತ್ಕಾಲಿಕವಾಗಿ ಬದಿಗಿಡುವ ಆಯ್ಕೆಯೂ ಇದೆ. ಪ್ಲಗಿನ್‌ಗಳಿಲ್ಲದೆ ಸರಿಯಾಗಿ ತೆರೆದುಕೊಂಡರೆ ಹುಡುಕಬೇಕಾದ ಜಾಗ ಅರ್ಧ ಕಿರಿದಾದಂತೆ. ಹಾಗೆಯೇ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನೂ ಆಫ್ ಮಾಡಿ ನೋಡಿ. ಸೌಂಡ್ ಕಾರ್ಡ್ ಡ್ರೈವರ್‌ಗಳ ವಿಷಯದಲ್ಲಿ ಅದರಿಂದ ತೊಂದರೆಯಾದದ್ದನ್ನು ನಾನು ಕಂಡಿದ್ದೇನೆ.

ಬೆಸುಗೆಕಡ್ಡಿ (ಮೈಸೂರು)

ಮಂದ್ರಸ್ಥಾಯಿಯವರೇ, ನೀವು ಬರೆದಿರುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಹಂತಗಳ ಕ್ರ್ಯಾಶ್‌ಗಳಿವೆ. ಅವುಗಳನ್ನು ಒಂದೇ ಕಾಯಿಲೆಯೆಂದು ನೋಡಿದರೆ ಪರೀಕ್ಷೆ ಗೋಜಲಾಗುತ್ತದೆ. ಡಿರ್‍ಯಾಮ್ ದೀಪ ಉರಿಯುತ್ತಾ ನಿಲ್ಲುವುದು ವಿಂಡೋಸ್ ಇನ್ನೂ ಡಿಸ್ಕಿನಿಂದ ಓದಲ್ಪಡುವ ಮೊದಲಿನ ಹಂತ. ಆ ಹೊತ್ತಿನಲ್ಲಿ ಕ್ಯೂಬೇಸ್, ಪ್ಲಗಿನ್, ಡ್ರೈವರ್ ಯಾವುದೂ ಚಿತ್ರದಲ್ಲಿಲ್ಲ. ಪ್ರೊಸೆಸರ್, ರ್‍ಯಾಮ್, ಮದರ್‌ಬೋರ್ಡ್, ಬಯೋಸ್ ಮತ್ತು ವಿದ್ಯುತ್ ಇಷ್ಟೇ ಇವೆ. ಆ ಹಂತದಲ್ಲಿ ನಿಂತರೆ ಈವೆಂಟ್ ವ್ಯೂವರ್‌ನಲ್ಲಿ ಏನೂ ದಾಖಲಾಗುವುದಿಲ್ಲ, ಏಕೆಂದರೆ ದಾಖಲಿಸಬೇಕಾದ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ. ಆದ್ದರಿಂದ ಮೊದಲು ಈ ಹಂತವನ್ನು ಸರಿಪಡಿಸಿ, ಆನಂತರ ಉಳಿದದ್ದನ್ನು ನೋಡುವುದು ಕ್ರಮ. ಕೋಮಲ ರಿಷಭ ಅವರ ಸಲಹೆ ತಪ್ಪಲ್ಲ, ಆದರೆ ಅದರ ಸರದಿ ಇನ್ನೂ ಬಂದಿಲ್ಲ.

ಕರ್ನಲ್-ಪವರ್ 41 ಎಂಬುದನ್ನು ನೋಡಿದೊಡನೆ ಪವರ್ ಎಂಬ ಪದ ಹಿಡಿದು ಎಸ್‌ಎಂಪಿಎಸ್ ಬದಲಾಯಿಸುವವರು ಬಹಳ ಜನ. ಹಿಂದಿನ ಬಾರಿ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಆ ದಾಖಲೆಯ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ. ಅದರ ಡೀಟೇಲ್ಸ್ ಭಾಗದಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲಿದೆ. ಅಲ್ಲಿ ಸೊನ್ನೆಯಿದ್ದರೆ ನೀಲಿ ಪರದೆಯ ದಾಖಲೆಯಿಲ್ಲದೆಯೇ ಯಂತ್ರ ನಿಂತಿದೆ ಎಂದು ತಿಳಿಯಬೇಕು. ಬೇರೆ ಸಂಖ್ಯೆಯಿದ್ದರೆ ಅದು ನೀಲಿ ಪರದೆಯ ಸಂಕೇತವನ್ನು ದಶಮಾನದಲ್ಲಿ ಬರೆದದ್ದು.

ಮಿನಿಡಂಪ್ ಫೋಲ್ಡರ್ ಖಾಲಿಯಿರುವುದು ನನಗೆ ಇನ್ನೊಂದು ಸಂಶಯ ಹುಟ್ಟಿಸಿದೆ. ಆಡಿಯೋ ಕೆಲಸಕ್ಕೆ ವಿಂಡೋಸ್ ಸಜ್ಜುಗೊಳಿಸುವ ಹಳೆಯ ಮಾರ್ಗದರ್ಶಿಗಳನ್ನು ನೋಡಿ ಪೇಜ್‌ಫೈಲ್ (ರ್‍ಯಾಮ್‌ಗೆ ನೆರವಾಗಿ ವಿಂಡೋಸ್ ಡಿಸ್ಕಿನಲ್ಲಿ ಇಡುವ ಫೈಲ್) ತೆಗೆದುಹಾಕಿದ್ದೀರಾ? ವಿಂಡೋಸ್ ಬಿದ್ದಾಗ ಮೆಮೊರಿಯ ಪ್ರತಿಯನ್ನು ಮೊದಲು ಪೇಜ್‌ಫೈಲ್‌ಗೆ ಬರೆದು, ಮುಂದಿನ ಸಲ ಎದ್ದಾಗ ಅದನ್ನು ಡಂಪ್ ಫೈಲ್ ಆಗಿ ಉಳಿಸುತ್ತದೆ. ಪೇಜ್‌ಫೈಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಡಂಪ್ ಕೂಡ ಇಲ್ಲ. 128 ಜಿಬಿ ಇರುವ ಯಂತ್ರದಲ್ಲಿ ಪೇಜ್‌ಫೈಲ್ ತೆಗೆದರೆ ಶಬ್ದ ಚೆನ್ನಾಗಿ ಬರುತ್ತದೆಂಬ ನಂಬಿಕೆಗೆ ನನಗೆ ಯಾವ ಆಧಾರವೂ ಕಂಡಿಲ್ಲ. ಅದರಿಂದ ಆಗುವ ಒಂದೇ ನಿಶ್ಚಿತ ಪರಿಣಾಮವೆಂದರೆ ತೊಂದರೆ ಬಂದ ದಿನ ಸಾಕ್ಷ್ಯ ಸಿಗದಿರುವುದು. ಸಿಸ್ಟಮ್ ಮ್ಯಾನೇಜ್ಡ್ ಎಂದು ಮರಳಿ ಇಡಿ, ಸಿಸ್ಟಮ್ ಫೇಲ್ಯೂರ್ ವಿಭಾಗದಲ್ಲಿ ತಾನಾಗಿಯೇ ರೀಸ್ಟಾರ್ಟ್ ಆಗುವ ಆಯ್ಕೆಯ ಟಿಕ್ ತೆಗೆಯಿರಿ. ಆಗ ನೀಲಿ ಪರದೆ ಕಣ್ಣಿಗೆ ಬೀಳುತ್ತದೆ.

ಈಗ ಮುಖ್ಯ ವಿಷಯ. ನಿಮ್ಮ ಪ್ರೊಸೆಸರಿಗೆ ಎಎಂಡಿ ಪ್ರಕಟಿಸಿರುವ ಮಿತಿಯ ಪ್ರಕಾರ ಎರಡು ಸ್ಟಿಕ್‌ಗಳಿದ್ದರೆ ಡಿಡಿಆರ್5-5200, ನಾಲ್ಕಿದ್ದರೆ ಡಿಡಿಆರ್5-3600. ನೀವು ಓಡಿಸುತ್ತಿರುವುದು ನಾಲ್ಕನ್ನು 6000ದಲ್ಲಿ. ಎಕ್ಸ್‌ಪೋ ಎಂಬುದು ಓವರ್‌ಕ್ಲಾಕಿಂಗ್ ಪ್ರೊಫೈಲ್, ಅಂದರೆ ನಿಗದಿತ ಮಿತಿಗಿಂತ ಹೆಚ್ಚಿನ ವೇಗದ್ದು. ಅಂಗಡಿಯಲ್ಲಿ ಒಂದು ಪೆಟ್ಟಿಗೆಯಲ್ಲಿ ಬಂದ ಎರಡು ಸ್ಟಿಕ್‌ಗಳಿಗಷ್ಟೇ ತಯಾರಕರು ಅದನ್ನು ಪರೀಕ್ಷಿಸಿರುತ್ತಾರೆ. ಅಂಥ ಎರಡು ಪೆಟ್ಟಿಗೆಗಳನ್ನು ಸೇರಿಸಿದಾಗ ಆ ಭರವಸೆ ಅನ್ವಯಿಸುವುದಿಲ್ಲ, ಮಾದರಿ ಸಂಖ್ಯೆ ಒಂದೇ ಆಗಿದ್ದರೂ ಸಹ. ಪ್ರತಿ ಚಾನೆಲ್‌ನ ತಂತಿಗಳ ಮೇಲೆ ಎರಡೆರಡು ಸ್ಟಿಕ್‌ಗಳು ಕೂತಾಗ, ಅದರಲ್ಲೂ 32 ಜಿಬಿ ಸ್ಟಿಕ್‌ಗಳು ಸಾಮಾನ್ಯವಾಗಿ ಚಿಪ್‌ಗಳ ಎರಡು ಗುಂಪುಗಳಿರುವ ಡ್ಯುಯಲ್ ರ್‍ಯಾಂಕ್ ಆಗಿರುವುದರಿಂದ, ಮೆಮೊರಿ ಕಂಟ್ರೋಲರ್ ಮೇಲಿನ ಹೊರೆ ಹೆಚ್ಚಾಗಿ ಸಂಕೇತಗಳ ಸ್ಪಷ್ಟತೆ ಕುಗ್ಗುತ್ತದೆ. ವೇಗ ಹೆಚ್ಚಿದಷ್ಟೂ ಆ ಅಸ್ಪಷ್ಟತೆಗೆ ಅವಕಾಶ ಕಡಿಮೆ.

ಬೆಳಿಗ್ಗೆ ಮಾತ್ರ ತೊಂದರೆ ಏಕೆಂಬುದಕ್ಕೂ ಇಲ್ಲಿ ಒಂದು ವಿವರಣೆಯಿದೆ. ಡಿಡಿಆರ್5 ಯಂತ್ರಗಳು ಆನ್ ಆಗುವಾಗ ಪ್ರತಿ ತಂತಿಯ ಸಮಯವನ್ನೂ ವೋಲ್ಟೇಜನ್ನೂ ಹೊಂದಿಸಿಕೊಳ್ಳುತ್ತವೆ. ಇದನ್ನು ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಕಛೇರಿಗೆ ಕೂರುವ ಮುನ್ನ ತಂಬೂರಿಯ ಶ್ರುತಿ ಸೇರಿಸಿಕೊಂಡಂತೆ ಇದು. ಎಎಂ5 ಬೋರ್ಡ್‌ಗಳಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಆನ್ ಇದ್ದರೆ ಆ ಹೊಂದಾಣಿಕೆಯನ್ನು ಹೊಸದಾಗಿ ಮಾಡದೆ ಹಿಂದಿನ ಬಾರಿಯದನ್ನೇ ಮರಳಿ ಬಳಸುತ್ತದೆ. ಅಂಚಿನಲ್ಲಿರುವ ವೇಗದಲ್ಲಿ, ಬೆಚ್ಚಗಿದ್ದಾಗ ಸಿಕ್ಕ ಅಂಕಿಗಳು ಧಾರವಾಡದ ಚಳಿಗಾಲದ ಬೆಳಿಗ್ಗೆ ಸರಿಹೊಂದದೆ ಹೋಗಬಹುದು. ರೀಸ್ಟಾರ್ಟ್ ಮಾಡುವಾಗ ಯಂತ್ರ ಬೆಚ್ಚಗಿರುತ್ತದೆ, ಹಾಗಾಗಿ ಎದ್ದು ಬರುತ್ತದೆ.

ಪರೀಕ್ಷೆಯ ಕ್ರಮವನ್ನು ಬರೆಯುತ್ತೇನೆ, ದಯವಿಟ್ಟು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಬಯೋಸ್ ಮುಟ್ಟುವ ಮೊದಲು ವಿಂಡೋಸ್‌ನಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಆನ್ ಇದೆಯೇ ಎಂದು ನೋಡಿ, ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್ ಅಪ್‌ಡೇಟ್ ಮಾಡಿದರೆ ಅಥವಾ ಸಿಮಾಸ್ (ಬಯೋಸ್‌ನಲ್ಲಿ ಉಳಿಸಿದ ಆಯ್ಕೆಗಳು) ಅಳಿಸಿದರೆ ಅದನ್ನು ಕೇಳುವ ಸಂಭವವಿದೆ. ಮುಂದೆ ಎಕ್ಸ್‌ಪೋ ಆಫ್ ಮಾಡಿ. 128 ಜಿಬಿಗೆ ಹೊಸ ಟ್ರೇನಿಂಗ್ ನಡೆಯುವಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು, ಆಗ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಬಳಿಕ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ಓಡಿಸಿ. ಉಚಿತ ಆವೃತ್ತಿ ನಾಲ್ಕು ಸುತ್ತುಗಳಿಗೆ ಸೀಮಿತವಾಗಿದೆ, ಇಷ್ಟು ದೊಡ್ಡ ರ್‍ಯಾಮ್‌ಗೆ ಅದೇ ರಾತ್ರಿಯಿಡೀ ಹಿಡಿಯುತ್ತದೆ. ಅದಾದ ಮೇಲೆ ಹಳೆಯ ಜೋಡಿಯೊಂದನ್ನೇ ಎಕ್ಸ್‌ಪೋ ಆನ್ ಮಾಡಿ ಪರೀಕ್ಷಿಸಿ, ನಂತರ ಹೊಸ ಜೋಡಿಯೊಂದನ್ನೇ. ಎರಡೇ ಸ್ಟಿಕ್ ಇರುವಾಗ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಹಾಕಬೇಕು. ಈ ಪರೀಕ್ಷೆಗಳು ಮುಗಿಯುವವರೆಗೆ ಸೌಂಡ್ ಕಾರ್ಡ್, ಮಿಡಿ ಕೀಬೋರ್ಡ್, ಡಾಂಗಲ್, ಹೊರಗಿನ ಡಿಸ್ಕ್‌ಗಳನ್ನು ಬಿಚ್ಚಿಡಿ, ಏಕೆಂದರೆ ಕೆಲವು ಯುಎಸ್‌ಬಿ ಉಪಕರಣಗಳೂ ಬಯೋಸ್ ಹಂತದಲ್ಲಿ ಯಂತ್ರವನ್ನು ತಡೆಹಿಡಿಯುತ್ತವೆ.

ಕಡಲತಡಿ (ಉಡುಪಿ)

ಬೆಸುಗೆಕಡ್ಡಿಯವರ ಮಾತನ್ನು ಒಪ್ಪುತ್ತೇನೆ, ಆದರೂ ವಿದ್ಯುತ್ ಪ್ರಶ್ನೆಯನ್ನು ಪೂರ್ತಿ ಕೈಬಿಡುವುದು ಬೇಡ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ವಿದ್ಯುತ್ ಸೆಳೆಯುವ ಬಗೆಯನ್ನು ತಿದ್ದುವ ಆ್ಯಕ್ಟಿವ್ ಪಿಎಫ್‌ಸಿ ಇರುತ್ತದೆ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಅಥವಾ ಅಗ್ಗದ ಯುಪಿಎಸ್ ಹಿಂದೆ ಅವನ್ನು ಹಾಕಿದರೆ ಕರೆಂಟ್ ಹೋಗಿ ಬದಲಾಗುವ ಗಳಿಗೆಯಲ್ಲಿ ಕೆಲವು ಯಂತ್ರಗಳು ಆಫ್ ಆಗುತ್ತವೆ. ನಿಮ್ಮಲ್ಲಿ ಇನ್ವರ್ಟರ್ ಇದ್ದರೆ ಪರೀಕ್ಷೆಯ ದಿನಗಳಲ್ಲಿ ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ಅರ್ಥಿಂಗ್ ಕೂಡ ಪರೀಕ್ಷಿಸಿಸಿ. ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬಂದಾಗ ಅರ್ಥ್ ಪಿನ್ ಕಿತ್ತು ಬಳಸುವ ಅಭ್ಯಾಸ ನಮ್ಮ ಕಡೆಯ ಸ್ಟುಡಿಯೋಗಳಲ್ಲಿದೆ. ಅದು ಅಪಾಯಕಾರಿ, ಯಂತ್ರಕ್ಕಿಂತ ಮೊದಲು ಮನುಷ್ಯರಿಗೆ.

ತಾಳಪ್ರಿಯ (ಶಿವಮೊಗ್ಗ)

ಇಷ್ಟೆಲ್ಲ ಯಾಕೆ? ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೆ ಮುಗಿಯಿತು. ನಾನು ಎಎಂ5 ಬೋರ್ಡಿನಲ್ಲಿಯೇ ನಾಲ್ಕು ಸ್ಟಿಕ್‌ಗಳನ್ನು 6000ದಲ್ಲಿ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ. 3600ಕ್ಕೆ ಇಳಿಸುವುದೆಂದರೆ ಕೊಟ್ಟ ದುಡ್ಡನ್ನು ಹಾಳುಮಾಡಿದಂತಲ್ಲವೇ?

ಬೆಸುಗೆಕಡ್ಡಿ (ಮೈಸೂರು)

ತಾಳಪ್ರಿಯ ಅವರೇ, ನಿಮ್ಮದು 16 ಜಿಬಿಯ ಸ್ಟಿಕ್‌ಗಳಾಗಿದ್ದರೆ ಅವು ಸಿಂಗಲ್ ರ್‍ಯಾಂಕ್ ಆಗಿರುವ ಸಾಧ್ಯತೆ ಹೆಚ್ಚು, ಹೊರೆ ಕಡಿಮೆ. ಅದಲ್ಲದೆ ಒಂದೇ ಮಾದರಿಯ ಎರಡು ಪ್ರೊಸೆಸರ್‌ಗಳ ಮೆಮೊರಿ ಕಂಟ್ರೋಲರ್ ಕೂಡ ಒಂದೇ ಸಾಮರ್ಥ್ಯದವಲ್ಲ. ಒಬ್ಬರಿಗೆ ನಡೆದದ್ದು ಇನ್ನೊಬ್ಬರಿಗೆ ನಡೆಯಲೇಬೇಕೆಂದಿಲ್ಲ. ನಡೆಯುತ್ತಿದೆ ಎನ್ನುವುದನ್ನೂ ಪರೀಕ್ಷೆಯಿಂದ ತಿಳಿಯಬೇಕೇ ಹೊರತು ವಿಂಡೋಸ್ ತೆರೆದುಕೊಂಡಿತು ಎಂಬುದರಿಂದಲ್ಲ. ಇನ್ನು, ರ್‍ಯಾಮ್ ಮೇಲೆ ಸಂಶಯವಿರುವಾಗ ವಿಂಡೋಸ್ ಹೊಸದಾಗಿ ಹಾಕಬಾರದು. ಇನ್‌ಸ್ಟಾಲ್ ಆಗುವ ಪ್ರತಿಯೊಂದು ಫೈಲೂ ಅದೇ ಸಂಶಯಾಸ್ಪದ ರ್‍ಯಾಮ್ ಮೂಲಕವೇ ಡಿಸ್ಕಿಗೆ ಹೋಗುತ್ತದೆ.

ಹಣದ ಮಾತಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಸ್ಯಾಂಪಲ್ ಲೈಬ್ರರಿಗಳ ಕೆಲಸದಲ್ಲಿ ರ್‍ಯಾಮ್‌ನ ಪ್ರಮಾಣ ಮುಖ್ಯ, ಅದರ ವೇಗ ಅಷ್ಟಾಗಿ ಮುಖ್ಯವಲ್ಲ. ತೀರಾ ಚಿಕ್ಕ ಬಫರ್ ಇಟ್ಟು ಭಾರವಾದ ಸಿಂಥ್‌ಗಳನ್ನು ನುಡಿಸುವವರಿಗೆ ವ್ಯತ್ಯಾಸ ಕಾಣಬಹುದು. ಟೆಂಪ್ಲೇಟ್‌ನಲ್ಲಿ ಪಿಟೀಲು, ಕೊಳಲು, ಹಿತ್ತಾಳೆ ವಾದ್ಯಗಳ ಸ್ಯಾಂಪಲ್ ತುಂಬಿಕೊಂಡು ಬರೆಯುವವರಿಗೆ ಕಾಣುವುದು ಕಡಿಮೆ.

ಮಂದ್ರಸ್ಥಾಯಿ (ಧಾರವಾಡ)

ಎಲ್ಲರಿಗೂ ಕೃತಜ್ಞತೆಗಳು. ಹೌದು, ಪೇಜ್‌ಫೈಲ್ ತೆಗೆದಿದ್ದೆ, ಈಗ ಮರಳಿ ಇಟ್ಟಿದ್ದೇನೆ. ಇನ್ವರ್ಟರ್ ಸಾಲಿನಿಂದ ಬಿಡಿಸಿ ನೇರವಾಗಿ ಪ್ಲಗ್‌ಗೆ ಹಾಕಿದಾಗಲೂ ತೊಂದರೆ ಹಾಗೆಯೇ ಇತ್ತು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿಯಿದೆ ಎಂದರು.

ಪರೀಕ್ಷೆಯ ಫಲಿತಾಂಶ ಹೀಗಿದೆ. ಹಳೆಯ ಜೋಡಿ ಮಾತ್ರ ಇದ್ದಾಗ 6000ದಲ್ಲಿ ಒಂದೂ ದೋಷ ಬರಲಿಲ್ಲ. ಹೊಸ ಜೋಡಿಯೂ ಹಾಗೆಯೇ. ನಾಲ್ಕನ್ನೂ ಹಾಕಿ 6000ದಲ್ಲಿ ಓಡಿಸಿದಾಗ ಮೆಮ್‌ಟೆಸ್ಟ್86 ಕೆಂಪು ಸಾಲುಗಳನ್ನು ತೋರಿಸಿತು. ನಾಲ್ಕನ್ನೂ 3600ರಲ್ಲಿ ಓಡಿಸಿದಾಗ ರಾತ್ರಿಯಿಡೀ ದೋಷರಹಿತ. ಡಿರ್‍ಯಾಮ್ ದೀಪ ಈಗ ನಿಲ್ಲುವುದಿಲ್ಲ, ಬೆಳಿಗ್ಗೆಯೂ ನೇರವಾಗಿ ವಿಂಡೋಸ್‌ಗೆ ಬರುತ್ತದೆ. 6000ದಲ್ಲಿ ಇದ್ದಾಗ ಪೇಜ್‌ಫೈಲ್ ಮರಳಿ ಬಂದ ಮೇಲೆ ಕೆಲವು ಡಂಪ್‌ಗಳೂ ಸಿಕ್ಕಿವೆ. ಒಂದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದರಲ್ಲಿ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಮತ್ತೊಂದರಲ್ಲಿ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ ಎಂದಿದೆ.

ಆದರೆ ಕ್ಯೂಬೇಸ್ ಇನ್ನೂ ಬೀಳುತ್ತಿದೆ. ಒಂದು ವ್ಯತ್ಯಾಸವೆಂದರೆ ಮೊದಲು ಎಲ್ಲೆಂದರಲ್ಲಿ ಬೀಳುತ್ತಿದ್ದದ್ದು ಈಗ ಪ್ರತಿ ಸಲವೂ ಒಂದೇ ಜಾಗದಲ್ಲಿ, ಪ್ಲಗಿನ್‌ಗಳನ್ನು ಎಣಿಸುವ ಹೊತ್ತಿನಲ್ಲಿ, ಬೀಳುತ್ತದೆ. ಸೇಫ್ ಮೋಡ್‌ನಲ್ಲಿ ಹೊರಗಿನ ಪ್ಲಗಿನ್‌ಗಳಿಲ್ಲದೆ ತೆರೆದರೆ ಸರಿಯಾಗಿದೆ.

ದೂರತೀರ (ಜರ್ಮನಿ)

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಈಗ ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಬಿಡುವಿನಲ್ಲಿ ಹಾರ್ಮೋನಿಯಂ ಧ್ವನಿಮುದ್ರಿಸುತ್ತೇನೆ. ಡಂಪ್‌ಗಳ ಬಗ್ಗೆ ಒಂದು ಮಾತು. ಒಂದೇ ಡ್ರೈವರಿನ ಹೆಸರು ಪ್ರತಿ ಡಂಪ್‌ನಲ್ಲೂ ಮರುಕಳಿಸಿದರೆ ಆ ಡ್ರೈವರನ್ನು ಸಂಶಯಿಸಬೇಕು. ಸಂಕೇತಗಳೂ ಹೆಸರುಗಳೂ ಪ್ರತಿ ಸಲ ಬೇರೆಯಾದರೆ ಎಲ್ಲಕ್ಕೂ ಸಾಮಾನ್ಯವಾದ ರ್‍ಯಾಮ್ ಅಥವಾ ಪ್ರೊಸೆಸರನ್ನು ಸಂಶಯಿಸಬೇಕು. ನಿಮ್ಮದು ಎರಡನೆಯ ಬಗೆ. ಮೈಕ್ರೋಸಾಫ್ಟ್‌ನ ಉಚಿತ ವಿನ್‌ಡಿಬಿಜಿ ಸಾಧನದಲ್ಲಿ ಡಂಪ್ ತೆರೆದು ಅದು ದೂರುವ ಫೈಲಿನ ಹೆಸರನ್ನು ನೋಡಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ರ್‍ಯಾಮ್ ತಪ್ಪಿದಾಗ ಆ ಹೆಸರು ದಾರಿ ತಪ್ಪಿಸುತ್ತದೆ, ಏಕೆಂದರೆ ಕೆಟ್ಟ ದತ್ತಾಂಶ ಯಾರ ಕೈಯಲ್ಲಿದ್ದಾಗ ವಿಂಡೋಸ್ ಬಿತ್ತೋ ಅವರ ಹೆಸರು ಅಲ್ಲಿ ಬರುತ್ತದೆ.

ಈಗ ಉಳಿದಿರುವ ಕ್ಯೂಬೇಸ್ ಕ್ರ್ಯಾಶ್ ನನಗೆ ಹೆಚ್ಚು ಕುತೂಹಲದ್ದು. ಯಾದೃಚ್ಛಿಕವಾಗಿದ್ದ ಕ್ರ್ಯಾಶ್ ಒಂದೇ ಜಾಗಕ್ಕೆ ಬಂದು ನಿಂತಿದೆ ಎಂದರೆ ಯಂತ್ರ ಈಗ ಸ್ಥಿರವಾಗಿದೆ, ಕೆಟ್ಟಿರುವುದು ಡಿಸ್ಕಿನಲ್ಲಿರುವ ಯಾವುದೋ ಫೈಲ್. ನಾಲ್ಕು ಸ್ಟಿಕ್‌ಗಳು 6000ದಲ್ಲಿದ್ದ ಅವಧಿಯಲ್ಲಿ ನೀವು ಯಾವ ಪ್ಲಗಿನ್‌ಗಳನ್ನು ಹಾಕಿಕೊಂಡಿರಿ? ಡೌನ್‌ಲೋಡ್ ಆದದ್ದು, ಜಿಪ್‌ನಿಂದ ಬಿಚ್ಚಿದ್ದು, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲಾದದ್ದು, ಇವೆಲ್ಲವೂ ರ್‍ಯಾಮ್ ಮೂಲಕ ಹಾದುಹೋಗುತ್ತವೆ. ಅಲ್ಲಿ ಒಂದು ಬಿಟ್ ತಲೆಕೆಳಗಾದರೆ ಕೆಟ್ಟ ಪ್ರತಿಯೇ ಡಿಸ್ಕಿನಲ್ಲಿ ಉಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಡಿಡಿಆರ್5ರಲ್ಲಿ ಆನ್-ಡೈ ಇಸಿಸಿ ಎಂಬ ದೋಷ ತಿದ್ದುವ ವ್ಯವಸ್ಥೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಚಿಪ್ಪಿನ ಒಳಗಿನ ದೋಷಗಳನ್ನಷ್ಟೇ ತಿದ್ದುತ್ತದೆ. ಸ್ಟಿಕ್‌ನಿಂದ ಪ್ರೊಸೆಸರಿಗೆ ಹೋಗುವ ತಂತಿಗಳ ಮೇಲೆ ಆಗುವ ದೋಷ ಅದರ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮಲ್ಲಿ ಪ್ರತಿ ಜೋಡಿಯೂ ಒಂಟಿಯಾಗಿ ಪಾಸಾಗಿ ನಾಲ್ಕೂ ಸೇರಿದಾಗ ಸೋತಿರುವುದರಿಂದ ದೋಷ ಆ ತಂತಿಗಳ ಮೇಲೆಯೇ ಆಗುತ್ತಿತ್ತೆಂದು ಕಾಣುತ್ತದೆ.

ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ವಿಭಾಗದಲ್ಲಿ 1000 ಸಂಖ್ಯೆಯ ಅಪ್ಲಿಕೇಶನ್ ಎರರ್ ದಾಖಲೆಯಿರುತ್ತದೆ. ಅದರಲ್ಲಿ ಫಾಲ್ಟಿಂಗ್ ಮಾಡ್ಯೂಲ್ ಎಂಬಲ್ಲಿ ಯಾವ ಫೈಲಿನ ಹೆಸರಿದೆ ನೋಡಿ. ಈ ಸಲ ಆ ಹೆಸರನ್ನು ನಂಬಬಹುದು. ಆ ಪ್ಲಗಿನ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ, ಹಳೆಯ ಇನ್‌ಸ್ಟಾಲರ್ ಫೈಲನ್ನೂ ಅಳಿಸಿ, ಹೊಸದಾಗಿ ಡೌನ್‌ಲೋಡ್ ಮಾಡಿಕೊಂಡೇ ಹಾಕಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಈಗಾಗಲೇ ಇರುವ ಇನ್‌ಸ್ಟಾಲರ್ ಕೂಡ ಅದೇ ಅವಧಿಯದಾದರೆ ಅದನ್ನೇ ಮತ್ತೆ ಓಡಿಸಿ ಪ್ರಯೋಜನವಿಲ್ಲ. ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ಪರೀಕ್ಷಿಸಿ ದುರಸ್ತಿ ಮಾಡಲು ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ.

ಕೋಮಲ ರಿಷಭ (ಬೆಂಗಳೂರು)

ಲೈಬ್ರರಿಗಳನ್ನೂ ಮರೆಯಬಾರದು. ಪ್ಲಗಿನ್ ಕೆಟ್ಟರೆ ಕ್ರ್ಯಾಶ್ ಆಗಿ ತಿಳಿಯುತ್ತದೆ. ಸ್ಯಾಂಪಲ್ ಫೈಲ್ ಕೆಟ್ಟರೆ ಯಾವುದೋ ಒಂದು ಸ್ವರದಲ್ಲಿ ಟಿಕ್ ಎಂಬ ಸದ್ದಾಗಿ ಉಳಿದು, ಮಿಕ್ಸ್ ಮಾಡುವ ದಿನ ಕಿವಿಗೆ ಬೀಳುತ್ತದೆ. ಡೌನ್‌ಲೋಡ್ ಮಾಡಿಕೊಡುವ ತಂತ್ರಾಂಶದಲ್ಲಿ ರಿಪೇರಿ ಅಥವಾ ವೆರಿಫೈ ಆಯ್ಕೆಯಿದ್ದರೆ ಆ ಅವಧಿಯಲ್ಲಿ ಹಾಕಿಕೊಂಡ ಪ್ರತಿ ಲೈಬ್ರರಿಗೂ ಅದನ್ನು ಓಡಿಸಿ.

ಇನ್ನೊಂದು ಸಂಗತಿ. ನಿಮಗೆ ನಿಜವಾಗಿಯೂ 128 ಜಿಬಿ ಬೇಕೇ ಎಂದು ಒಮ್ಮೆ ಲೆಕ್ಕ ಹಾಕಿ. ಸ್ಯಾಂಪಲ್‌ಗಳನ್ನು ನುಡಿಸುವ ಕಾಂಟ್ಯಾಕ್ಟ್ ತಂತ್ರಾಂಶ ಪ್ರತಿ ಸ್ಯಾಂಪಲ್ಲಿನ ಆರಂಭದ ಭಾಗವನ್ನಷ್ಟೇ ರ್‍ಯಾಮ್‌ನಲ್ಲಿ ಇಟ್ಟುಕೊಂಡು ಉಳಿದದ್ದನ್ನು ಡಿಸ್ಕಿನಿಂದ ಓದುತ್ತದೆ. ಆ ಭಾಗದ ಗಾತ್ರ ಮೂಲತಃ 60 ಕೆಬಿ. ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಅಷ್ಟು ಬೇಕಿತ್ತು. ನಿಮ್ಮಂತೆ ಎನ್‌ವಿಎಂಇ ಇರುವವರು ಅದನ್ನು ಗಣನೀಯವಾಗಿ ಇಳಿಸಿದರೂ ನಡೆಯುತ್ತದೆ. ಟೆಂಪ್ಲೇಟ್‌ನಲ್ಲಿ ಆ ದಿನಕ್ಕೆ ಬೇಡವಾದ ಟ್ರ್ಯಾಕ್‌ಗಳನ್ನು ಡಿಸೇಬಲ್ ಮಾಡಿದರೆ ಅವುಗಳ ರ್‍ಯಾಮ್ ಪೂರ್ತಿ ಬಿಡುಗಡೆಯಾಗುತ್ತದೆ, ಬೇಕಾದಾಗ ಒಂದು ಕ್ಲಿಕ್‌ನಲ್ಲಿ ಮರಳಿ ಬರುತ್ತದೆ. ನಾನು 64 ಜಿಬಿಯಲ್ಲಿ ಧಾರಾವಾಹಿಯೊಂದರ ಕೆಲಸವನ್ನು ಹೀಗೆಯೇ ನಡೆಸುತ್ತಿದ್ದೇನೆ.

ಮಂದ್ರಸ್ಥಾಯಿ (ಧಾರವಾಡ)

ಫಾಲ್ಟಿಂಗ್ ಮಾಡ್ಯೂಲ್ ಜಾಗದಲ್ಲಿ ಒಂದು ರಿವರ್ಬ್ ಪ್ಲಗಿನ್‌ನ ಹೆಸರಿತ್ತು. ದೂರತೀರ ಅವರು ಊಹಿಸಿದಂತೆ ಅದನ್ನು ಹೊಸ ಜೋಡಿ ರ್‍ಯಾಮ್ ಬಂದ ಮೇಲೆಯೇ ಹಾಕಿಕೊಂಡದ್ದು. ಅಳಿಸಿ, ಹೊಸದಾಗಿ ಡೌನ್‌ಲೋಡ್ ಮಾಡಿ ಹಾಕಿದ ಮೇಲೆ ಕ್ಯೂಬೇಸ್ ಸರಿಯಾಗಿ ತೆರೆದುಕೊಳ್ಳುತ್ತಿದೆ. ಹಳೆಯ ಇನ್‌ಸ್ಟಾಲರನ್ನು ಅಳಿಸುವ ಮುನ್ನ ಹೊಸದರ ಜೊತೆ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ) ಹೋಲಿಸಿ ನೋಡಿದೆ. ಎರಡೂ ಒಂದೇ ಆಗಿದ್ದವು. ಅಂದರೆ ಡೌನ್‌ಲೋಡ್ ಸರಿಯಿತ್ತು, ಇನ್‌ಸ್ಟಾಲ್ ಆಗುವಾಗ ಫೈಲ್ ಕೆಟ್ಟಿರಬೇಕು. ಎಸ್‌ಎಫ್‌ಸಿ ಕೂಡ ಕೆಲವು ವಿಂಡೋಸ್ ಫೈಲ್‌ಗಳನ್ನು ದುರಸ್ತಿ ಮಾಡಿದೆ. ಲೈಬ್ರರಿಗಳ ಪರಿಶೀಲನೆ ಇನ್ನೂ ನಡೆಯುತ್ತಿದೆ.

ಎರಡು ಪ್ರಶ್ನೆಗಳು ಉಳಿದಿವೆ. ನಾಲ್ಕು ಸ್ಟಿಕ್‌ಗಳನ್ನೇ ಇಟ್ಟುಕೊಂಡು 3600ಕ್ಕಿಂತ ಸ್ವಲ್ಪ ಮೇಲೆ ಹೋಗಲು ಪ್ರಯತ್ನಿಸಬಹುದೇ? ಆ ಅವಧಿಯಲ್ಲಿ ಹೊರಗಿನ ಡಿಸ್ಕಿಗೆ ಮಾಡಿಕೊಂಡ ಬ್ಯಾಕಪ್‌ಗಳನ್ನು ಏನು ಮಾಡಲಿ?

ಬೆಸುಗೆಕಡ್ಡಿ (ಮೈಸೂರು)

ಮೊದಲ ಪ್ರಶ್ನೆಗೆ: ನಾಟಕದ ಕೆಲಸ ಒಪ್ಪಿಸುವವರೆಗೆ 3600ರಲ್ಲಿಯೇ ಇರಿ. ಆಮೇಲೆ ಬೇಕಿದ್ದರೆ ಬಯೋಸನ್ನು ಇತ್ತೀಚಿನದಕ್ಕೆ ಅಪ್‌ಡೇಟ್ ಮಾಡಿ, 4400, 4800 ಹೀಗೆ ಏರಿಸುತ್ತಾ ಪ್ರತಿ ಮೆಟ್ಟಿಲಲ್ಲೂ ರಾತ್ರಿಯಿಡೀ ಪರೀಕ್ಷಿಸಬಹುದು. ಸ್ಥಿರವಾಗದಿದ್ದಾಗ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗದ್ದು) ಏರಿಸಿ ಎಂಬ ಸಲಹೆ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. 2023ರಲ್ಲಿ ರೈಜೆನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟುಹೋದ ಪ್ರಕರಣಗಳು ಬಂದ ಮೇಲೆ ಎಎಂಡಿಯೇ ಆ ವೋಲ್ಟೇಜಿಗೆ 1.3 ವೋಲ್ಟ್ ಮಿತಿ ಹಾಕಿಸಿತು, ಆ ಗೆರೆಯನ್ನು ದಾಟುವ ಯಾವ ಉಪಾಯವನ್ನೂ ಅನುಸರಿಸಬೇಡಿ. ವೇಗವೂ ಬೇಕು, ಪ್ರಮಾಣವೂ ಬೇಕು ಎನ್ನುವುದಾದರೆ ಈಗ 48 ಜಿಬಿಯ ಸ್ಟಿಕ್‌ಗಳಿವೆ. ಎರಡೇ ಸ್ಲಾಟ್‌ನಲ್ಲಿ 96 ಜಿಬಿ ಆಗುತ್ತದೆ. 64 ಜಿಬಿಯ ಸ್ಟಿಕ್‌ಗಳೂ ಬಂದಿವೆ. ಯಾವುದನ್ನು ಕೊಳ್ಳುವುದಾದರೂ ನಿಮ್ಮ ಮದರ್‌ಬೋರ್ಡ್ ತಯಾರಕರ ಮೆಮೊರಿ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ನೋಡಿ, ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದಿರುವಂಥದ್ದನ್ನೇ ತೆಗೆದುಕೊಳ್ಳಿ. ಈಗಿನ ನಾಲ್ಕರಲ್ಲಿ ಯಾವುದೂ ಕೆಟ್ಟಿಲ್ಲದ ಕಾರಣ ವಾರಂಟಿ ಕೇಳಿ ಅಂಗಡಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಒಂದು ಜೋಡಿಯನ್ನು ಮಾರಿಬಿಡಬಹುದು.

ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆಯ್ಕೆಯನ್ನು ಸದ್ಯಕ್ಕೆ ಆಫ್ ಮಾಡಿಯೇ ಇಡಿ. ಆನ್ ಆಗಲು ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ಕಾಫಿ ಮಾಡಿಕೊಳ್ಳಿ.

ದೂರತೀರ (ಜರ್ಮನಿ)

ಬ್ಯಾಕಪ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮುಖ್ಯವಾದದ್ದು ಒಂದೇ: ಹೊಸ ಜೋಡಿ ಬರುವ ಮೊದಲಿನ ಬ್ಯಾಕಪ್ ನಿಮ್ಮಲ್ಲಿದ್ದರೆ ಅದರ ಮೇಲೆ ಈಗ ಏನನ್ನೂ ಬರೆಯಬೇಡಿ. ಆ ಡಿಸ್ಕನ್ನು ಓದಲು ಮಾತ್ರ ಬಳಸಿ. ಆ ನಂತರ ಬದಲಾಗದ ಫೈಲ್‌ಗಳನ್ನು, ಅಂದರೆ ಹಳೆಯ ಧ್ವನಿಮುದ್ರಣಗಳನ್ನು, ಎರಡೂ ಕಡೆ ಚೆಕ್‌ಸಮ್ ತೆಗೆದು ಹೋಲಿಸಿ. ದಿನಾಂಕ ಒಂದೇ ಆಗಿದ್ದು ಚೆಕ್‌ಸಮ್ ಬೇರೆಯಾದ ಫೈಲ್ ಸಿಕ್ಕರೆ ಹಳೆಯದನ್ನೇ ಸರಿಯೆಂದು ಇಟ್ಟುಕೊಳ್ಳಿ. ಆ ಅವಧಿಯಲ್ಲಿಯೇ ಧ್ವನಿಮುದ್ರಿಸಿದ ಹಾಡುಗಾರಿಕೆ ಅಥವಾ ವಾದ್ಯಗಳಿಗೆ ಹೋಲಿಸಲು ಬೇರೆ ಪ್ರತಿಯಿಲ್ಲ, ಅವನ್ನು ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳುವುದೊಂದೇ ದಾರಿ. ವೇವ್ ಫೈಲಿನಲ್ಲಿ ಒಂದು ಬಿಟ್ ಬದಲಾದರೆ ಹೆಚ್ಚೆಂದರೆ ಒಂದು ಟಿಕ್ ಕೇಳಿಸೀತು. ಫೈಲಿನ ತಲೆಭಾಗದಲ್ಲಿಯೇ ಕೆಟ್ಟಿದ್ದರೆ ಮಾತ್ರ ತೆರೆಯದೆ ಹೋದೀತು. ಕ್ಯೂಬೇಸ್ ಪ್ರಾಜೆಕ್ಟ್ ಫೈಲ್‌ಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಪ್ರತಿಯೊಂದನ್ನೂ ಒಮ್ಮೆ ತೆರೆದು ಹೊಸ ಹೆಸರಿನಲ್ಲಿ ಸೇವ್ ಮಾಡಿ. ತೆರೆಯದಿದ್ದರೆ ಪ್ರಾಜೆಕ್ಟ್ ಫೋಲ್ಡರಿನಲ್ಲಿರುವ ಬಿಎಕೆ ಎಂಬ ಕೊನೆಯಿರುವ ಆಟೋ-ಸೇವ್ ಪ್ರತಿಗಳಿಂದ ಪ್ರಯತ್ನಿಸಿ.

ಮಂದ್ರಸ್ಥಾಯಿ (ಧಾರವಾಡ)

ಹಳೆಯ ಬ್ಯಾಕಪ್ ಡಿಸ್ಕ್ ಪುಣ್ಯಕ್ಕೆ ಬೇರೆ ಮನೆಯಲ್ಲಿತ್ತು, ಅದನ್ನು ಈ ವಾರ ತರಿಸಿಕೊಳ್ಳುತ್ತೇನೆ. ನಾಟಕದ ಪ್ರಾಜೆಕ್ಟ್ ತೆರೆದುಕೊಂಡಿದೆ, ಸಾರಂಗಿಯ ಒಂದು ಟೇಕ್‌ನಲ್ಲಿ ಮಾತ್ರ ಟಿಕ್ ಸದ್ದಿದೆ. ಅದು ಫೈಲ್ ಕೆಟ್ಟದ್ದರಿಂದಲೋ ಕಮಾನು ತಾಗಿದ್ದರಿಂದಲೋ ತಿಳಿಯುತ್ತಿಲ್ಲ. ವಾದಕರು ಮತ್ತೊಮ್ಮೆ ಬಂದು ನುಡಿಸಲು ಒಪ್ಪಿದ್ದಾರೆ. ಎರಡು ಸ್ಟಿಕ್‌ಗಳ 96 ಜಿಬಿ ಜೋಡಿ ಕೊಂಡ ಮೇಲೆ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.